ಬಿದ್ದ ಇಲಿ, ಸತ್ತ ಮಂಗ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಜರುಗಿದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಹಬ್ಬದ ದಿನ ವ್ಯಾಧಿಯ ಮಾತೇಕೆಂದು ತಾವು ಕೇಳಬಹುದು. ಘಟ್ಟ ಹತ್ತಿ ಬಂದ ನಮ್ಮ ಹಿರಿಯರ ಬಾಯಲ್ಲಿ ‘ಪ್ಲೇಗು’ ಎಂಬ ಮಾತು ಸುಲಭವಾಗಿ ಬರುತ್ತಿರಲಿಲ್ಲ. ಬಂದರೆ ಮನೆ ಮೌನವಾಗುತ್ತಿತ್ತು.

ಫಿಲಿಷ್ಟಿಯರು ಗಡ್ಡೆಯ ವ್ಯಾಧಿಗೆ ತುತ್ತಾಗಿ, ಚಿನ್ನದ 5 ಗಡ್ಡೆಗಳನ್ನೂ 5 ಇಲಿಗಳನ್ನೂ ಕಾಣಿಕೆಯಾಗಿ ಕಳುಹಿಸಿದರೆಂದು ಸಮುವೇಲನ ಮೊದಲನೆಯ ಗ್ರಂಥದಲ್ಲಿ ಓದುತ್ತೇವೆ. ಅದು ಪ್ಲೇಗೇ ಎಂದು ಪಂಡಿತರೆಲ್ಲರೂ ಒಪ್ಪುವುದಿಲ್ಲ. ಆದರೂ ಇಲಿಗೂ ಗಡ್ಡೆಗೂ ಏನೋ ನಂಟಿದೆಯೆಂದು ಅಂದೇ ಜನ ಗಮನಿಸಿದ್ದರಲ್ಲವೆ! 14ನೆಯ ಶತಮಾನದಲ್ಲಿ ಯೂರೋಪನ್ನು ಬರಿದುಮಾಡಿದ ಮಹಾಮಾರಿಯ ಜಾಡನ್ನು ವಿಜ್ಞಾನಿಗಳು 2022ರಲ್ಲಿ ಮಧ್ಯ ಏಷ್ಯದ ಇಸಿಕ್‌ಕುಲ್ ಸರೋವರದ ಬಳಿಯ ಸಮಾಧಿಗಳಲ್ಲಿ ಕಂಡರು. 1338 ಮತ್ತು 1339ರ ಆ ಕಲ್ಲುಗಳ ಮೇಲಿರುವುದು ಸುರಿಯಾನಿ ಬರಹ, ಮಲಗಿರುವವರು ಕ್ರೈಸ್ತರು.

ನಮ್ಮತ್ತ ಅದು ಬಂದದ್ದು ಹಡಗು ಮತ್ತು ರೈಲಿನಲ್ಲಿ: 1894ರಲ್ಲಿ ಹಾಂಗ್‌ಕಾಂಗ್, 1896ರಲ್ಲಿ ಮುಂಬಯಿ, 1898ರಲ್ಲಿ ಬೆಂಗಳೂರು. ರೋಗಾಣುವನ್ನು ಯೆರ್ಸಿನ್ 1894ರಲ್ಲೇ ಕಂಡಿದ್ದರು. ಇಲಿಯಿಂದ ಮನುಷ್ಯನಿಗೆ ಅದನ್ನು ಸಾಗಿಸುವುದು ಚಿಗಟವೆಂದು ಕರಾಚಿಯಲ್ಲಿ ಸಿಮೊಂದ್ 1898ರಲ್ಲಿ ತೋರಿಸಿದಾಗ ಬಹುಮಂದಿ ವೈದ್ಯರು ನಂಬಲಿಲ್ಲ. ಅಕ್ಷರ ಬಾರದ ನಮ್ಮ ಹಳ್ಳಿಗರೋ, ಇಲಿ ಬಿದ್ದೊಡನೆ ಮನೆಗೆ ಬೀಗವಿಕ್ಕಿ ಬಯಲಿನಲ್ಲಿ ಗುಡಿಸಲು ಹಾಕುತ್ತಿದ್ದರು.

ಈಗ ನಮ್ಮ ಕಾಡಿನ ಮಾತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಹಿಂದೆಯೇ ಜನರಿಗೆ ಜ್ವರ. ಇದೇ ಮಂಗನ ಕಾಯಿಲೆ. ಇದು ಪ್ಲೇಗಿನ ಕುಲದ್ದಲ್ಲ. ಇದರ ಬೀಜ ವೈರಸ್, ವಾಹನ ಕಾಡಿನ ಉಣುಗು. ಮಂಗವೂ ನಮ್ಮಂತೆಯೇ ಇದಕ್ಕೆ ಬಲಿಯಾದ ಪ್ರಾಣಿ. ಕಾಡಿನಂಚಿನಲ್ಲಿ ಮೇಯುವ ದನದ ರಕ್ತ ಕುಡಿದು ಉಣುಗು ಹೆಚ್ಚುತ್ತದೆ. ಕೊಟ್ಟಿಗೆಗೆಂದು ದರಗು ತರಲು ಹೋದವರಿಗೆ ಹತ್ತುತ್ತದೆ. ಒಬ್ಬರಿಂದೊಬ್ಬರಿಗೆ ಹರಡದು. ಆದ್ದರಿಂದ ರೋಗಿಯ ಮನೆಗೆ ಹೋಗಲು ಅಂಜಬೇಡಿರಿ. ಸಾಗರ, ಹೊಸನಗರ, ತೀರ್ಥಹಳ್ಳಿಗಳಿಗೆ ಇದು ದೂರದ ಸುದ್ದಿಯಲ್ಲ. ಸಾಗರ ತಾಲೂಕಿನ ಅರಲಗೋಡಿನಲ್ಲಿ 2019ರ ಆರಂಭದಲ್ಲಿ ಹಲವರು ತೀರಿಕೊಂಡರು.

ಒಂದು ಮಾತನ್ನು ಹೇಳಿಬಿಡುತ್ತೇನೆ. ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ, ಒಂದು ಮನೆಗೆ ಪ್ರಾರ್ಥನೆಗೆಂದು ಹೋಗುವಾಗ ತೋಟದ ಬೇಲಿಯ ಬಳಿ ಸತ್ತ ಮುಸುವವನ್ನು ಕಂಡೆ. ಮೂಗು ಮುಚ್ಚಿ ದಾಟಿದೆ. ಯಾರಿಗೂ ಹೇಳಲಿಲ್ಲ, ಹೊತ್ತಾಗಿತ್ತು. ಹತ್ತು ದಿನದೊಳಗೆ ಆ ಮನೆಯ ಮಗ ತಲೆನೋವು, ಜ್ವರ, ಮೈಕೈ ನೋವೆಂದು ಮಲಗಿದ. ಬದುಕಿಕೊಂಡನು, ದೇವರ ದಯೆ. ಆದರೆ ಆ ವರ್ಷದ ಕೊಯ್ಲಿಗೆ ಅವನು ಏಳಲಿಲ್ಲ. ಇಲಿ ಬಿದ್ದರೆ ಊರಿಗೆಲ್ಲ ಸಾರುತ್ತಿದ್ದ ಜನರ ಮೊಮ್ಮಗ ನಾನು, ಸೆಮಿನರಿಯಲ್ಲಿ ಓದಿದವನು!

ಹಳೆಯ ಲಸಿಕೆಯನ್ನು, ಪರಿಣಾಮ ಸಾಲದೆಂದು, 2022ರಲ್ಲಿ ನಿಲ್ಲಿಸಿದರು. ಆದಕಾರಣ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿಗೆ ಹೋಗುವವರು ಮೈಮುಚ್ಚುವ ಬಟ್ಟೆ ತೊಟ್ಟು, ಕೈಕಾಲಿಗೆ ಡೆಪಾ ಎಣ್ಣೆ ಸವರಿಕೊಳ್ಳಿರಿ. ಮರಳಿದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ. ಸತ್ತ ಮಂಗವನ್ನು ಮುಟ್ಟದೆ, ಹೂಳದೆ, ಅಂದೇ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. ಆಶಾ ಕಾರ್ಯಕರ್ತೆಯರು ಎಣ್ಣೆಯ ಸೀಸೆಗಳೊಡನೆ ಹೊರಗೆ ಜಗಲಿಯಲ್ಲಿ ಕುಳಿತಿದ್ದಾರೆ. ದರಗಿಗೆ ಹೋಗುವ ಮನೆಯವರು ಮೊದಲು ಹೋಗಿರಿ, ಊಟ ಆಮೇಲೆ.