ಎಣ್ಣೆ ಎಂಬ ಮಾತು ಮತ್ತು ನಮ್ಮ ಅಡುಗೆಮನೆ

ನಮ್ಮ ‘ಎಣ್ಣೆ’ ಎಂಬ ಮಾತಿನೊಳಗೆ ಎಳ್ಳು ಅಡಗಿದೆ. ಎಳ್, ನೆಯ್ ಎರಡೂ ಕೂಡಿ ಆದ ಪದವಿದು. ಸಂಸ್ಕೃತದ ‘ತೈಲ’ಕ್ಕೂ ತಿಲವೇ ಮೂಲ. ಆಂಗ್ಲರ ‘ಆಯಿಲ್’ ಲ್ಯಾಟಿನ್, ಗ್ರೀಕ್ ಭಾಷೆಗಳ ದಾರಿ ಹಿಡಿದು ಆಲಿವ್ ಹಣ್ಣಿಗೆ ಹೋಗಿ ಸೇರುತ್ತದೆ. ಒಂದೊಂದು ನಾಡೂ ತನಗೆ ದೊರೆತುದರಿಂದಲೇ ಜಿಡ್ಡಿಗೆ ಹೆಸರಿಟ್ಟುಕೊಂಡಿತು.

ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ ರಾಯಚೂರಿನಲ್ಲಿ ನನ್ನ ಓರಗೆಯವರು ಸಂಜೆ ಕೂಡಿದರೆ ಆಲಿವ್ ಎಣ್ಣೆಯ ಪ್ರಸ್ತಾಪ ಬಾರದೆ ಇರುವುದಿಲ್ಲ. ಎದೆನೋವು ಕಂಡ ಮನೆಗಳಲ್ಲಿ ನಿವೃತ್ತಿವೇತನದ ಒಂದು ಪಾಲು ಆ ಸೀಸೆಗೆ ಸಲ್ಲುತ್ತಿದೆ. ಆದುದರಿಂದ ಈ ವಿಚಾರವನ್ನು ತೂಗಿನೋಡುವುದು ಅಗತ್ಯ.

ಆಲಿವ್ ಎಣ್ಣೆಯ ಗುಣ ಬರಿಯ ಜಾಹೀರಾತಲ್ಲ. ಸ್ಪೇನಿನಲ್ಲಿ 7,000ಕ್ಕೂ ಮಿಕ್ಕ ಜನರನ್ನು ಕುರಿತು ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ದೋಷಗಳನ್ನು ಸರಿಪಡಿಸಿ 2018ರಲ್ಲಿ ಅದನ್ನು ಪುನಃ ಪ್ರಕಟಿಸಿದರು. ಆ ಎಣ್ಣೆಯೊಡನೆ ಅಲ್ಲಿಯ ಸಾಂಪ್ರದಾಯಿಕ ಆಹಾರವನ್ನುಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಒಟ್ಟಾಗಿ ಶೇಕಡಾ 30ರಷ್ಟು ಕಡಿಮೆಯಾಗಿದ್ದವು. ಆದರೆ ಅವರ ತಟ್ಟೆಯಲ್ಲಿ ಕಾಯಿಪಲ್ಲೆ, ಬೇಳೆಕಾಳು, ಹಣ್ಣು, ಮೀನುಗಳೂ ಇದ್ದವೆಂಬುದನ್ನು ಮರೆಯಲಾಗದು. ಎಣ್ಣೆಯೊಂದೇ ಆ ಫಲ ಕೊಟ್ಟಿತೆನ್ನುವಂತಿಲ್ಲ.

ಆಲಿವ್ ಎಣ್ಣೆಯ ಮುಖ್ಯ ಅಂಶ ಓಲೀಕ್ ಆಮ್ಲ. ನಮ್ಮ ಶೇಂಗಾ ಎಣ್ಣೆಯಲ್ಲಿಯೂ ಅದು ಹೆಚ್ಚುಕಡಿಮೆ ಅರ್ಧದಷ್ಟುಂಟು. ಕುಸುಬಿ ಎಣ್ಣೆಯಲ್ಲಿ ಲಿನೋಲೀಕ್ ಆಮ್ಲ ಮುಕ್ಕಾಲು ಪಾಲು. ಮಾನ್ವಿ, ದೇವದುರ್ಗಗಳ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಅಂಚಿಗೆ ಕುಸುಬಿಯ ಸಾಲು ನಿಲ್ಲುತ್ತಿತ್ತು. ಅದರ ಮುಳ್ಳು ದನಗಳನ್ನು ತಡೆದರೆ, ಕಾಳು ಗಾಣಕ್ಕೆ ಹೋಗುತ್ತಿತ್ತು. ತುಂಗಭದ್ರೆಯ ಎಡದಂಡೆ ಕಾಲುವೆ ಮಾನ್ವಿಗೂ, ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗಕ್ಕೂ ನೀರು ತಂದವು. ನೀರು ಬಂದಲ್ಲಿ ಭತ್ತ ಬಂದಿತು, ಕುಸುಬಿ ಹಿಂದೆ ಸರಿಯಿತು. ನೀರನ್ನು ದೂರಲಾರೆ, ಬರವನ್ನು ಕಂಡ ಸೀಮೆಯಿದು. ಆದರೆ ಹೊಲದಿಂದ ಹೋದುದು ಊಟದಿಂದಲೂ ಹೋಯಿತು.

ಸ್ಪೇನಿನವರು ರೊಟ್ಟಿಯ ಮೇಲೆ ಹಸಿ ಎಣ್ಣೆ ಸುರಿದುಕೊಳ್ಳುವಂತೆ ನಮ್ಮವರೂ ಚಟ್ನಿಪುಡಿಗೆ ಹಸಿ ಎಣ್ಣೆ ಬೆರೆಸಿ ಜೋಳದ ರೊಟ್ಟಿಯೊಡನೆ ಉಣ್ಣುತ್ತಾರೆ. ಸಾಮಾನ್ಯ ಕುಸುಬಿ ಎಣ್ಣೆಗೆ ಈ ಬಳಕೆಯೇ ತಕ್ಕುದು; ಬಹುಹೊತ್ತಿನ ಕಾವಿಗೆ ಅದು ಬೇಗ ಕೆಡುತ್ತದೆ. ಯಾವ ಎಣ್ಣೆಯೇ ಆಗಲಿ, ಮಿರ್ಚಿ ಭಜಿಯ ಬಾಣಲೆಯಲ್ಲಿ ದಿನವಿಡೀ ಕುದಿದರೆ ಅದರ ಗುಣ ಉಳಿಯದು.

ಕೊಳ್ಳಬಲ್ಲವರು ಆಲಿವ್ ಎಣ್ಣೆಯನ್ನು ಕೊಳ್ಳಲಿ. ಆದರೆ ಅದು ಡಾಲ್ಡಾದ ಬದಲಿಗೆ ಬರಬೇಕೇ ಹೊರತು ಅದರ ಮೇಲೊಂದು ಚಮಚವಾಗಿ ಅಲ್ಲ. ಕೊಳ್ಳಲಾರದವರು ಎದೆಗುಂದಬೇಕಾಗಿಲ್ಲ. ಮಿತವಾಗಿ ಶೇಂಗಾ, ಕುಸುಬಿ ಎಣ್ಣೆ, ಜೋಳದ ರೊಟ್ಟಿ, ಕಾಳುಪಲ್ಲೆ ಇವು ನಮ್ಮ ಕೈಗೆ ಎಟಕುವಲ್ಲಿಯೇ ಇವೆ.