ತಾತ್ಕಾಲಿಕ ಫಲಕ, ಶಾಶ್ವತ ಕಸ
(ವಾರ್ಷಿಕ ಸಭೆಯ ಉಪನ್ಯಾಸದ ಪಾಠ)



ಆರಾಧನೆ, ಜನ್ಮಾಷ್ಟಮಿ, ರಾಜ್ಯೋತ್ಸವ ಯಾವುದೇ ಇರಲಿ, ನೋಯ್ಡಾದ ಸೆಕ್ಟರುಗಳ ದ್ವಾರದಲ್ಲಿ ಫ್ಲೆಕ್ಸ್ ಫಲಕ ಕಟ್ಟುವುದು ರೂಢಿಯಾಗಿದೆ. ಸಮಾರಂಭ ಮೂರು ದಿನಗಳಲ್ಲಿ ಮುಗಿಯುತ್ತದೆ. ಫಲಕ ಮಾತ್ರ ಉಳಿಯುತ್ತದೆ.

ಪಾಲಿಯೆಸ್ಟರ್ ನೂಲಿನ ಬಲೆಗೆ ಪಿ.ವಿ.ಸಿ. ಲೇಪಿಸಿ ಫ್ಲೆಕ್ಸನ್ನು ತಯಾರಿಸುತ್ತಾರೆ. ಇವೆರಡೂ ಬೆಸೆದುಕೊಂಡಿರುವುದರಿಂದ ಬೇರ್ಪಡಿಸಿ ಮರುಬಳಸುವುದು ಕಷ್ಟಸಾಧ್ಯ. ಶುದ್ಧ ಪಿ.ವಿ.ಸಿ.ಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಚಳಿಗಾಲದ ರಾತ್ರಿ ಕಾವಲುಗಾರನು ಮೈ ಕಾಯಿಸಿಕೊಳ್ಳುವ ಬೆಂಕಿಗೆ ಹಳೆಯ ಫ್ಲೆಕ್ಸ್ ಬಿದ್ದರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್‌ಗಳಂತಹ ವಿಷಗಳು ಹೊರಡುತ್ತವೆ. ಅದನ್ನು ಮೊದಲು ಉಸಿರಾಡುವವನು ಆತನೇ.

ಬೆಂಗಳೂರಿನ ಇಂಜಿನಿಯರ್ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಮೊಕದ್ದಮೆಯು ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ವರ್ಗವಾಯಿತು. ಮಂಡಳಿಯು 2016ರ ಡಿಸೆಂಬರಿನಲ್ಲಿ ಬಯಲಿನಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿ, 5,000 ರೂ., ಹೆಚ್ಚಿನ ಪ್ರಮಾಣದಲ್ಲಿ ಸುಟ್ಟರೆ 25,000 ರೂ. ದಂಡ ವಿಧಿಸಿತು. ಅದೇ ವರ್ಷ ಮಾರ್ಚ್ 11ರಂದು ಕರ್ನಾಟಕ ಸರ್ಕಾರವು ಫ್ಲೆಕ್ಸ್, ಪ್ಲಾಸ್ಟಿಕ್ ಬ್ಯಾನರುಗಳನ್ನು ಅವುಗಳ ದಪ್ಪ ಎಷ್ಟೇ ಇದ್ದರೂ ನಿಷೇಧಿಸಿತ್ತು. ಕೇಂದ್ರದ ನಿಯಮದಂತೆ 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪ್ಲಾಸ್ಟಿಕ್ ಹಾಗೂ ಪಿ.ವಿ.ಸಿ. ಬ್ಯಾನರುಗಳು ಎಲ್ಲೆಡೆ ನಿಷಿದ್ಧ. ದಪ್ಪ ಫ್ಲೆಕ್ಸ್ ಈ ಮಿತಿಯಿಂದ ತಪ್ಪಿಸಿಕೊಳ್ಳುತ್ತದೆ. ಆದರೆ ಕಸವಾದಾಗ ದಪ್ಪನೆಯದೇ ಹೆಚ್ಚು ಭಾರ. ಕಾನೂನಿನ ಮಿತಿಯನ್ನೇ ಸಜ್ಜನರು ತಮ್ಮ ಮಿತಿಯೆಂದು ಭಾವಿಸಬಾರದು.

ರೈಲ್ವೆಯಲ್ಲಿ ಇದಕ್ಕೊಂದು ಮಾದರಿಯಿದೆ. ಹಳಿಯ ದುರಸ್ತಿ ನಡೆಯುವಲ್ಲಿ ವೇಗಮಿತಿಯ ಫಲಕಗಳನ್ನು ನಿಲ್ಲಿಸುತ್ತಾರೆ. ಕೆಲಸ ಮುಗಿದು ನಿರ್ಬಂಧ ತೆರವಾದೊಡನೆ ಅವುಗಳನ್ನು ಕಿತ್ತು ಮುಂದಿನ ಸ್ಥಳಕ್ಕೆ ಒಯ್ಯುತ್ತಾರೆ. ಅಲ್ಲಿ ಸೂಚನೆ ತಾತ್ಕಾಲಿಕ, ಫಲಕವಲ್ಲ.

ಸಮಾರಂಭದ ಫಲಕದಲ್ಲಿಯೂ ಹೆಸರು, ಸ್ಥಳ ಪ್ರತಿವರ್ಷ ಅವೇ. ಆರಾಧನೆಯು ತಿಥಿಯನ್ನು ಅನುಸರಿಸುವುದರಿಂದ ತಾರೀಖು ಮಾತ್ರ ಬದಲಾಗುತ್ತದೆ. ಆ ಒಂದು ಸಾಲಿಗಾಗಿ ಇಡೀ ಫಲಕವನ್ನು ಎಸೆಯುವುದು ವಿವೇಕವಲ್ಲ. ಬದಲಾಗದ ಅಕ್ಷರಗಳನ್ನು ದಪ್ಪ ಹತ್ತಿಬಟ್ಟೆಯ ಮೇಲೆ ಬಣ್ಣದಲ್ಲಿ ಬರೆಯಿಸಿ, ತಾರೀಖು ಹಾಗೂ ಸಮಯಕ್ಕೆ ಬೇರೆ ಬಟ್ಟೆಪಟ್ಟಿಯನ್ನು ಲಾಡಿಯಿಂದ ಕಟ್ಟಬಹುದು. ಪ್ರತಿದಿನದ ಕಾರ್ಯಕ್ರಮಕ್ಕೆ ಕಪ್ಪುಹಲಗೆ, ಸೀಮೆಸುಣ್ಣ ಸಾಕು. ಫಲಕಗಳ ಸಂಖ್ಯೆ ಬೆಳೆಯುವುದು ಬಹುಮಟ್ಟಿಗೆ ಅತಿಥಿಗಳ, ದಾನಿಗಳ ಭಾವಚಿತ್ರಗಳಿಂದ. ಅವರ ಸ್ಮರಣೆಗೆ ಇಂತಹ ಸಂಚಿಕೆಯ ಪುಟಗಳೇ ಯೋಗ್ಯ ಸ್ಥಳ.

ಕಟ್ಟಲು ನೈಲಾನ್ ಹಗ್ಗದ ಬದಲು ಸೆಣಬಿನ ಹುರಿ ಇರಲಿ. ಮರಗಳಿಗೆ ಮೊಳೆ ಹೊಡೆಯುವುದು ಬೇಡ. ಎಷ್ಟು ಫಲಕಗಳನ್ನು ಎಲ್ಲೆಲ್ಲಿ ಕಟ್ಟಲಾಯಿತು, ಬಿಚ್ಚಿ ತರುವ ಹೊಣೆ ಯಾರದು ಎಂಬುದನ್ನು ಕಟ್ಟುವ ದಿನವೇ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಸಮಾರಂಭದ ಮರುದಿನ ಅವುಗಳನ್ನು ಎಣಿಸಿ ಪಡೆಯಬೇಕು. ಆರಾಧನೆ ಮಳೆಗಾಲದಲ್ಲಿ ಬರುವುದರಿಂದ ಚೆನ್ನಾಗಿ ಒಣಗಿಸಿಯೇ ಮಡಿಸಿಡಬೇಕು. ಇಲ್ಲವಾದರೆ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ.

ಬಟ್ಟೆಯ ಫಲಕಕ್ಕೆ ಮೊದಲ ವರ್ಷ ಖರ್ಚು ಅಧಿಕವೆನಿಸಬಹುದು. ಮುಂದಿನ ವರ್ಷಗಳಲ್ಲಿ ಉಳಿಯುವ ಹಣ ಅನ್ನಸಂತರ್ಪಣೆಗೆ ಒದಗುತ್ತದೆ. ಉತ್ಸವ ಮುಗಿದ ಮೇಲೆ ಬೀದಿಯು ಮೊದಲಿನಷ್ಟೇ ಸ್ವಚ್ಛವಾಗಿದ್ದರೆ ಅದೂ ಭಗವಂತನ ಸೇವೆಯೇ ಸರಿ.