ಹಾಸಿಗೆಯ ನಾಲ್ಕು ಮೂಲೆಗಳು
(ಕಾರ್ಮಿಕ ಸಂತ ಜೋಸೆಫರ ಹಬ್ಬದಂದು ನೀಡಿದ ಪ್ರಬೋಧನೆ)



ಬಲಿಪೀಠದ ಮುಂದಿರುವ ಈ ಮೇಜನ್ನು ನೋಡಿ. ಗಾರೆ ಕೆಲಸದವರ ಕರಣೆ, ಬಡಗಿಯ ಉಳಿ, ಹೊಲಿಗೆಯ ಕತ್ತರಿ, ಆಟೋದ ಕೀಲಿ, ಪೌರಕಾರ್ಮಿಕ ತಾಯಿಯೊಬ್ಬರ ಕೈಗವಸು. ಪ್ರತಿ ವರ್ಷ ಮೇ 1ರಂದು ನಾವು ದುಡಿಯುವ ಉಪಕರಣಗಳನ್ನು ಇಲ್ಲಿಟ್ಟು ಆಶೀರ್ವದಿಸುತ್ತೇವೆ. ಈ ವರ್ಷ ಒಂದು ಹೊಸ ವಸ್ತು ಸೇರಿದೆ. ಅದು ನಮ್ಮ ಧರ್ಮಕೇಂದ್ರದ ಸಭಾಂಗಣದ ಕೀಲಿಕೈ. ಅದನ್ನು ಇಲ್ಲಿ ಇಟ್ಟವನು ನಾನೇ. ಏಕೆಂದು ಆಮೇಲೆ ಹೇಳುತ್ತೇನೆ.

ಇಂದಿನ ಶುಭಸಂದೇಶದಲ್ಲಿ ಯೇಸುಸ್ವಾಮಿ ತಮ್ಮ ಊರಿಗೆ ಬರುತ್ತಾರೆ. ಪ್ರಾರ್ಥನಾ ಮಂದಿರದಲ್ಲಿ ಬೋಧಿಸುತ್ತಾರೆ. ಕೇಳಿದವರು ಮೊದಲು ಬೆರಗಾಗುತ್ತಾರೆ, ಆಮೇಲೆ ಮೂಗು ಮುರಿಯುತ್ತಾರೆ. ಇವನು ಆ ಬಡಗಿಯ ಮಗನಲ್ಲವೇ ಎನ್ನುತ್ತಾರೆ. ತಾಯಿ ಯಾರು, ಅಣ್ಣತಮ್ಮಂದಿರು ಯಾರು, ಮನೆ ಎಲ್ಲಿ ಎಂಬುದೆಲ್ಲ ಅವರಿಗೆ ಗೊತ್ತು. ಅಷ್ಟು ಗೊತ್ತಾದ ಮೇಲೆ ಅವರ ಪಾಲಿಗೆ ಬೇರೆ ಏನನ್ನೂ ತಿಳಿಯುವ ಅಗತ್ಯ ಇರಲಿಲ್ಲ. ವಿಳಾಸ ತಿಳಿದರೆ ಮನುಷ್ಯನೇ ತಿಳಿದ ಹಾಗೆ!

ಈ ವಾಕ್ಯವನ್ನು ಓದುವಾಗಲೆಲ್ಲ ನನಗೆ ರಸ್ತೆಯ ಆಚೆ ಬದಿಯ ಬೋರ್ಡ್ ಕ್ವಾರ್ಟರ್ಸ್ ನೆನಪಾಗುತ್ತದೆ. ಅಲ್ಲಿನ ಒಬ್ಬ ಹುಡುಗಿ ಪಿ.ಯು.ಸಿ. ಮುಗಿಸಿದವಳು, ಲೆಕ್ಕದಲ್ಲಿ ಚುರುಕು. ಒಂದು ಅಂಗಡಿಗೆ ಬಿಲ್ಲಿಂಗ್ ಕೆಲಸ ಕೇಳಲು ಹೋದಳು. ಎಲ್ಲ ಸರಿಹೋಯಿತು. ಕೊನೆಗೆ ಅರ್ಜಿಯಲ್ಲಿನ ವಿಳಾಸ ನೋಡಿ, 'ಓ, ಬೋರ್ಡ್ ಮನೆಯಾ? ಆಮೇಲೆ ಫೋನ್ ಮಾಡುತ್ತೇವೆ' ಎಂದರಂತೆ. ಆ ಫೋನ್ ಬರಲೇ ಇಲ್ಲ. ಮುಂದಿನ ಅರ್ಜಿಯಲ್ಲಿ ಆಕೆ ಚಿಕ್ಕಮ್ಮನ ಮನೆಯ ವಿಳಾಸ ಬರೆದಳು. ಇದನ್ನು ನನಗೆ ಹೇಳಿ, 'ಸುಳ್ಳು ಬರೆದದ್ದು ಪಾಪವಾ ಫಾದರ್?' ಎಂದು ಕೇಳಿದಳು. ಅವಳು ನಮ್ಮ ಧರ್ಮದವಳಲ್ಲ. ನಾನು ಏನು ಉತ್ತರ ಕೊಟ್ಟೆ ಎಂಬುದು ಈಗ ಬೇಡ. ಆದರೆ ಆ ಪ್ರಶ್ನೆಯ ಭಾರ ಅವಳ ಮೇಲಿತ್ತೇ, ನಮ್ಮ ಮೇಲಿತ್ತೇ ಎಂದು ಇಂದಿಗೂ ಯೋಚಿಸುತ್ತೇನೆ.

ಈ ಹಬ್ಬ ತೀರ ಹಳೆಯದಲ್ಲ. ಜಗದ್ಗುರು 12ನೇ ಪಿಯುಸ್ 1955ರಲ್ಲಿ ಇದನ್ನು ಸ್ಥಾಪಿಸಿದರು. ಲೋಕವೆಲ್ಲ ಕಾರ್ಮಿಕರ ದಿನವೆಂದು ಆಚರಿಸುವ ಮೇ 1ನ್ನೇ ಆರಿಸಿ, ದುಡಿಯುವವರ ಮುಂದೆ ಒಬ್ಬ ಬಡಗಿಯನ್ನು ನಿಲ್ಲಿಸಿದರು. ಅದಕ್ಕೂ ಮೊದಲು, 1891ರ ಮೇ 15ರಂದು, 13ನೇ ಲಿಯೋ ಕಾರ್ಮಿಕರ ಸ್ಥಿತಿಗತಿಯ ಬಗ್ಗೆ 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರ ಬರೆದಿದ್ದರು. ನ್ಯಾಯವಾದ ಕೂಲಿ, ವಿಶ್ರಾಂತಿ, ಸಂಘ ಕಟ್ಟಿಕೊಳ್ಳುವ ಹಕ್ಕು ಎಲ್ಲವೂ ಅದರಲ್ಲಿವೆ. 2025ರ ಮೇ 8ರಂದು ಆಯ್ಕೆಯಾದ 14ನೇ ಲಿಯೋ ತಾವು ಆ ಹೆಸರನ್ನು ಆರಿಸಿಕೊಂಡದ್ದಕ್ಕೆ ಆ ಪತ್ರವನ್ನೇ ಮುಖ್ಯ ಕಾರಣವಾಗಿ ಹೇಳಿದರು. ಆದ್ದರಿಂದ 'ಪೂಜೆಯಲ್ಲಿ ಫಾದರ್ ಸಂಬಳ ಸಾರಿಗೆ ಮಾತಾಡುತ್ತಾರೆ' ಎಂದು ಯಾರಾದರೂ ಗೊಣಗಿದರೆ, ದೂರನ್ನು ರೋಮಿಗೇ ಕಳುಹಿಸಬೇಕಾಗುತ್ತದೆ.

ಕ್ವಾರ್ಟರ್ಸಿನ ಜನ ಎಲ್ಲಿಂದ ಬಂದರು? ನಮ್ಮ ರಾಜ್ಯದಲ್ಲಿ ಕೊಳಗೇರಿಗಳ ಕಾಯಿದೆ ಬಂದದ್ದು 1973ರಲ್ಲಿ. ಮಂಡಳಿ ಅದರ ಬೆನ್ನಿಗೇ ಬಂತು. 2005ರ ಕೊನೆಯಲ್ಲಿ ಕೇಂದ್ರದ ನರ್ಮ್ ಯೋಜನೆ, 2015ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಬಂದವು. ಹೀಗೆ ಜೋಪಡಿಗಳ ಜಾಗದಲ್ಲಿ ಮಹಡಿ ಮನೆಗಳು ಎದ್ದವು. ಗಟ್ಟಿ ಸೂರು ದೊಡ್ಡ ಉಪಕಾರ, ಅದನ್ನು ಅಲ್ಲಗಳೆಯಲಾರೆ. ಆದರೆ ಅನೇಕರಿಗೆ ಮನೆ ಸಿಕ್ಕಿದ್ದು ಊರ ಹೊರಗೆ, ಕೆಲಸ ಉಳಿದದ್ದು ಊರ ಒಳಗೆ. ಮೊದಲು ಐದು ನಿಮಿಷ ನಡೆದು ನಾಲ್ಕು ಮನೆಯ ಪಾತ್ರೆ ತೊಳೆದು ಬರುತ್ತಿದ್ದ ತಾಯಿ ಈಗ ಎರಡು ಬಸ್ಸು ಬದಲಿಸಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಟಿಕೆಟ್ಟಿನ ಖರ್ಚು ಇಲ್ಲವಾಯಿತು. ಅದು ಎಷ್ಟು ದೊಡ್ಡ ಸಹಾಯವೆಂದು ತಿಂಗಳ ಕೊನೆಯಲ್ಲಿ ಪರ್ಸಿನಲ್ಲಿ ಚಿಲ್ಲರೆ ಎಣಿಸಿದವರನ್ನು ಕೇಳಿ. ಆದರೆ ದಾರಿಯಲ್ಲಿ ಕಳೆದ ಮೂರು ಗಂಟೆಯನ್ನು ಯಾವ ಯೋಜನೆಯೂ ವಾಪಸು ಕೊಡುವುದಿಲ್ಲ.

ಸಂತ ಜೋಸೆಫರೂ ಹೀಗೆ ದೂರ ನಡೆದು ಕೆಲಸಕ್ಕೆ ಹೋಗಿರಬಹುದು ಎಂದು ಕೆಲವು ಪಂಡಿತರು ಊಹಿಸುತ್ತಾರೆ. ನಜರೇತಿನಿಂದ ಆರೇಳು ಕಿಲೋಮೀಟರ್ ದೂರದ ಸೆಫೋರಿಸ್ ನಗರವನ್ನು ಆ ಕಾಲದಲ್ಲಿ ಹೆರೋದ್ ಅಂತಿಪ ಮತ್ತೆ ಕಟ್ಟಿಸುತ್ತಿದ್ದ. ನಜರೇತಿನಂಥ ಸಣ್ಣ ಹಳ್ಳಿಯಲ್ಲಿ ಒಬ್ಬ ಬಡಗಿಗೆ ವರ್ಷವಿಡೀ ಎಷ್ಟು ಕೆಲಸ ಸಿಕ್ಕೀತು? ಬುತ್ತಿ ಕಟ್ಟಿಕೊಂಡು ಹೊರಟ ಗಂಡನನ್ನು ಬಾಗಿಲವರೆಗೆ ಕಳುಹಿಸುವ ಮರಿಯಮ್ಮನವರ ಚಿತ್ರ ಯಾವ ದೇವಾಲಯದ ಗೋಡೆಯ ಮೇಲೂ ನಾನು ಕಂಡಿಲ್ಲ. ಇದ್ದರೆ ಚೆನ್ನಾಗಿತ್ತು.

ಈಗ ನಮ್ಮ ಪಾಪನಿವೇದನೆಗೆ ಬರೋಣ. ಈ ಜನರಿಗಾಗಿ ಯಾರೂ ಏನೂ ಮಾಡಲಿಲ್ಲ ಎನ್ನುವಂತಿಲ್ಲ. ವಿನ್ಸೆಂಟ್ ದೆ ಪೌಲ್ ಸಭೆಯವರು ಅಕ್ಕಿ ಕೊಟ್ಟರು. ಸಿಸ್ಟರುಗಳು ಹೊಲಿಗೆ ಕಲಿಸಿದರು. ಒಂದು ಸ್ವಯಂಸೇವಾ ಸಂಸ್ಥೆಯವರು ಕಂಪ್ಯೂಟರ್ ತರಬೇತಿ ಕೊಟ್ಟು ಸರ್ಟಿಫಿಕೇಟ್ ಹಂಚಿದರು. ಹೆಂಗಸರ ಸ್ವಸಹಾಯ ಸಂಘ ಸಾಲ ಕೊಟ್ಟಿತು. ಅವರು ಮಾಡಿದ್ದು ಇವರಿಗೆ ಗೊತ್ತಿಲ್ಲ, ಇವರು ಮಾಡಿದ್ದು ಅವರಿಗೆ ಗೊತ್ತಿಲ್ಲ. ಹೊಲಿಗೆ ಕಲಿತವಳಿಗೆ ಮಿಷನ್ ಇಲ್ಲ, ಸಾಲ ತೆಗೆದು ಮಿಷನ್ ಕೊಂಡವಳಿಗೆ ಹೊಲಿಗೆ ಬಾರದು. ಒಂದೇ ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬಳು, ಮೂರನೇ ಮಹಡಿಯಲ್ಲಿ ಇನ್ನೊಬ್ಬಳು!

ಇವರೆಲ್ಲರಿಗಿಂತ ದೊಡ್ಡ ತಪ್ಪು ನನ್ನದು. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಉದ್ಯೋಗ ಮೇಳ ಮಾಡಿದೆ. ಶಾಮಿಯಾನ ಹಾಕಿಸಿದೆ, ಕಂಪನಿಗಳನ್ನು ಕರೆಸಿದೆ, ಫೋಟೋ ತೆಗೆಸಿ ಪತ್ರಿಕೆಗೂ ಕಳುಹಿಸಿದೆ. ಬಹಳ ಜನರಿಗೆ ಕೆಲಸದ ಪತ್ರ ಸಿಕ್ಕಿತು. ಮೂರು ತಿಂಗಳ ಮೇಲೆ ವಿಚಾರಿಸಿದಾಗ ಕೆಲಸದಲ್ಲಿ ಉಳಿದವರು ಬೆರಳೆಣಿಕೆಯಷ್ಟು. ನನಗೆ ಸಿಟ್ಟು ಬಂತು. 'ಇವರಿಗೆ ದುಡಿಯುವ ಮನಸ್ಸೇ ಇಲ್ಲ' ಎಂದು ಊಟದ ಮೇಜಿನಲ್ಲಿ ಅಂದೆ. ನಮ್ಮ ಅಡುಗೆಯ ಅಮ್ಮ ಅಲ್ಲಿಯವರೇ. ಅನ್ನ ಬಡಿಸುತ್ತಿದ್ದವರು ಕೈ ನಿಲ್ಲಿಸಿ, 'ಸ್ವಾಮಿ, ಒಂದು ಸಲ ಅವರ ಮನೆಗೆ ಹೋಗಿ ಬನ್ನಿ' ಎಂದರು. ಅಷ್ಟೇ ಅಂದದ್ದು. ಅಂದು ಸಾರು ಸಪ್ಪೆಯಾಗಿತ್ತೋ, ನನ್ನ ನಾಲಿಗೆ ಸಪ್ಪೆಯಾಗಿತ್ತೋ ಗೊತ್ತಿಲ್ಲ.

ಹೋದೆ. ನಾಲ್ಕು ಸಂಜೆ ಮೆಟ್ಟಿಲು ಹತ್ತಿ ಇಳಿದೆ. ಒಬ್ಬ ತಾಯಿಗೆ ಗಾರ್ಮೆಂಟ್ಸಿನಲ್ಲಿ ಕೆಲಸ ಸಿಕ್ಕಿತ್ತು, ಎಂಟೂವರೆಗೆ ಗೇಟಿನೊಳಗೆ ಇರಬೇಕು. ಅಂಗನವಾಡಿ ಬಾಗಿಲು ತೆರೆಯುವ ಹೊತ್ತಿಗೆ ಅವಳು ಹೊಲಿಗೆ ಮಿಷನ್ ಮುಂದೆ ಕೂತಿರಬೇಕು. ಮೂರು ವರ್ಷದ ಮಗುವನ್ನು ಯಾರ ಕೈಗೆ ಕೊಡುವುದು? ಒಬ್ಬ ಹುಡುಗನ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ಒಂದು ಅಕ್ಷರದ ವ್ಯತ್ಯಾಸಕ್ಕೆ ಬ್ಯಾಂಕ್ ಖಾತೆ ಆಗಲಿಲ್ಲ, ಖಾತೆ ಇಲ್ಲದೆ ಸಂಬಳ ಬರಲಿಲ್ಲ. ಇನ್ನೊಬ್ಬನನ್ನು ಸೆಕ್ಯುರಿಟಿ ಕೆಲಸಕ್ಕೆ ಸೇರಿಸಿದ ಮೇಸ್ತ್ರಿ ಸಮವಸ್ತ್ರದ ಹೆಸರಿನಲ್ಲಿ ಮೊದಲ ತಿಂಗಳ ಸಂಬಳದ ಅರ್ಧ ಮುರಿದುಕೊಂಡಿದ್ದ. ಮನಸ್ಸಿಲ್ಲದವರನ್ನು ನಾನು ಕಾಣಲೇ ಇಲ್ಲ ಎನ್ನಲಾರೆ, ಒಬ್ಬಿಬ್ಬರು ಇದ್ದರು. ಅಂಥವರು ಗುರುಗಳ ಮನೆಯಲ್ಲೂ ಸಿಗುತ್ತಾರೆ.

ಆಗ ನನಗೆ ಮಾರ್ಕನ ಶುಭಸಂದೇಶದ ಆ ಪ್ರಸಂಗ ಹೊಸದಾಗಿ ಕಂಡಿತು. ಕಫೆರ್ನವುಮಿನಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹಾಸಿಗೆ ಸಮೇತ ಹೊತ್ತು ತರುತ್ತಾರೆ. ಜನಸಂದಣಿ. ಮಾಳಿಗೆ ಹತ್ತುತ್ತಾರೆ, ಚಾವಣಿ ತೆಗೆಯುತ್ತಾರೆ, ಹಾಸಿಗೆಯನ್ನು ಕೆಳಗಿಳಿಸುತ್ತಾರೆ. ಒಂದು ಮೂಲೆ ಹಿಡಿದವನು ಅವಸರ ಮಾಡಿದರೆ ರೋಗಿ ಉರುಳಿ ಬೀಳುತ್ತಾನೆ. ಒಬ್ಬನೇ ಎಷ್ಟೇ ಬಲಶಾಲಿಯಾದರೂ ಹಾಸಿಗೆ ಎತ್ತಲಾರ. ಯೇಸುಸ್ವಾಮಿ ಕಂಡದ್ದು ಅವರೆಲ್ಲರ ವಿಶ್ವಾಸವನ್ನು ಎಂದು ಮಾರ್ಕನು ಬಹುವಚನದಲ್ಲಿ ಬರೆಯುತ್ತಾನೆ. ನಾಲ್ವರ ಹೆಸರೂ ಇಲ್ಲ. ಅವರಲ್ಲಿ ಒಬ್ಬನಾದರೂ ಬ್ಯಾನರ್ ಕಟ್ಟಿದ್ದರೆ ನಮಗೆ ಹೆಸರು ಗೊತ್ತಾಗುತ್ತಿತ್ತೇನೋ.

ಕಳೆದ ವರ್ಷ ಆಗಮನ ಕಾಲದಿಂದ ನಾವು ಇದೇ ರೀತಿ ನಾಲ್ಕು ಮೂಲೆ ಹಿಡಿಯಲು ಕಲಿಯುತ್ತಿದ್ದೇವೆ. ಸಿಸ್ಟರುಗಳು ಕೌಶಲ ಕಲಿಸುತ್ತಾರೆ. ಆ ಸ್ವಯಂಸೇವಾ ಸಂಸ್ಥೆಯವರು ದಾಖಲೆ ಪತ್ರ ಸರಿಪಡಿಸಿ ಕಂಪನಿಗಳ ಜೊತೆ ಮಾತಾಡುತ್ತಾರೆ. ಅವರಲ್ಲಿ ಹೆಚ್ಚಿನವರು ಹಿಂದೂ ಮುಸ್ಲಿಂ ಯುವಕರು, ನನಗಿಂತ ಚೆನ್ನಾಗಿ ಕೆಲಸ ಬಲ್ಲವರು. ಸ್ವಸಹಾಯ ಸಂಘ ಸಾಲ ನೋಡಿಕೊಳ್ಳುತ್ತದೆ. ವಿನ್ಸೆಂಟ್ ಸಭೆಯವರ ಅಕ್ಕಿ ಈಗ ಮೊದಲ ಸಂಬಳ ಬರುವವರೆಗಿನ ತಿಂಗಳಿಗೆ ಹೋಗುತ್ತದೆ. ಎಲ್ಲರಿಗೂ ಸೇರಿ ಒಂದೇ ದಪ್ಪ ನೋಟ್‌ಬುಕ್. ಕೆಲಸ ಸಿಕ್ಕ ದಿನ ಹೆಸರಿನ ಮುಂದೆ ಗುರುತು ಹಾಕುವುದಿಲ್ಲ, ಆರು ತಿಂಗಳು ತುಂಬಿದ ಮೇಲೆಯೇ ಹಾಕುತ್ತೇವೆ. ಮೊದಲ ವಾರ ಕ್ವಾರ್ಟರ್ಸಿನಲ್ಲೇ ಕೆಲಸಕ್ಕೆ ಹೋಗುವ ಒಬ್ಬ ಅಕ್ಕ ಹೊಸಬಳ ಜೊತೆ ಬಸ್ಸಿನಲ್ಲಿ ಹೋಗುತ್ತಾಳೆ.

ಇದು ನಮ್ಮ ಸ್ವಂತ ಬುದ್ಧಿಯೆಂದು ನಾನು ಹೆಮ್ಮೆಪಟ್ಟಿದ್ದೆ. ಅಮೇರಿಕದಲ್ಲಿ 1998ರಲ್ಲೇ ಆರು ನಗರಗಳ ಸರ್ಕಾರಿ ವಸತಿಗಳಲ್ಲಿ 'ಜಾಬ್ಸ್ ಪ್ಲಸ್' ಎಂಬ ಪ್ರಯೋಗ ಶುರುವಾಗಿತ್ತೆಂದು ಆಮೇಲೆ ಓದಿದೆ. ಅಲ್ಲಿ ಮನೆ ಬಾಡಿಗೆ ಸಂಪಾದನೆಗೆ ತಕ್ಕಂತೆ ಏರುತ್ತದೆ. ಹೆಚ್ಚು ದುಡಿದರೆ ಹೆಚ್ಚು ಬಾಡಿಗೆ, ಹಾಗಾದರೆ ದುಡಿಯುವುದೇಕೆ ಎಂದು ಜನ ಹಿಂಜರಿಯುತ್ತಿದ್ದರು. ವಸತಿ ಇಲಾಖೆ, ಸೇವಾ ಸಂಸ್ಥೆಗಳು, ನಿವಾಸಿಗಳು ಕೂಡಿ ಮೂರು ಕೆಲಸ ಒಟ್ಟಿಗೆ ಮಾಡಿದರು. ಕೆಲಸ ಹುಡುಕಲು ನೆರವು, ದುಡಿದರೂ ಬಾಡಿಗೆ ಏರದಂತೆ ಸಡಿಲಿಕೆ, ನೆರೆಯವರಿಂದ ನೆರೆಯವರಿಗೆ ಸುದ್ದಿ ಮತ್ತು ಧೈರ್ಯ. ಮೂರನ್ನೂ ಸರಿಯಾಗಿ ನಡೆಸಿದ ಕಡೆ ಜನರ ಸಂಪಾದನೆ ಏರಿತು, ಯೋಜನೆ ಮುಗಿದ ಮೇಲೂ ಅದು ಉಳಿಯಿತು. ಅರ್ಧಂಬರ್ಧ ಮಾಡಿದ ಕಡೆ ಹಾಗಾಗಲಿಲ್ಲ.

ಕೆಲಸ ಕೊಡಿಸಿದರೆ ಸಾಲದು, ಎಂಥ ಕೆಲಸ ಎಂದು ಕೇಳಬೇಕು. ಇದರಲ್ಲಿ ಸಂತ ಜಾನ್ ಬೋಸ್ಕೋ ನನಗೆ ಗುರು. ಟ್ಯೂರಿನ್ ನಗರದಲ್ಲಿ 1852ರಲ್ಲಿ ಒಬ್ಬ ಹುಡುಗನನ್ನು ಬಡಗಿಯ ಬಳಿ ಕೆಲಸ ಕಲಿಯಲು ಸೇರಿಸುವಾಗ ಅವರು ಮುದ್ರಾಂಕದ ಕಾಗದದ ಮೇಲೆ ಕರಾರು ಬರೆಸಿದರು. ಯಜಮಾನ ಹುಡುಗನನ್ನು ಹೊಡೆಯಬಾರದು, ಕಸುಬಿಗೆ ಸಂಬಂಧಪಡದ ಚಾಕರಿ ಮಾಡಿಸಬಾರದು, ಭಾನುವಾರ ಬಿಡುವು ಕೊಡಬೇಕು, ವಾರದ ಕೂಲಿ ಇಷ್ಟು ಎಂದು. ಬರಿಯ ಜಪಮಾಲೆ ಕೊಟ್ಟು ಕಳುಹಿಸಲಿಲ್ಲ, ಸಹಿ ಹಾಕಿಸಿ ಕಳುಹಿಸಿದರು. ನಾವೂ ಈಗ ಪಿ.ಎಫ್., ಇ.ಎಸ್.ಐ., ಬ್ಯಾಂಕ್ ಖಾತೆಗೇ ಸಂಬಳ, ವಾರದ ರಜೆ ಎಂದು ಕೇಳುತ್ತೇವೆ. ಕೇಳಿದ್ದಕ್ಕೆ ಇಬ್ಬರು ಗುತ್ತಿಗೆದಾರರು ನಮ್ಮ ಕಡೆ ಬರುವುದನ್ನೇ ಬಿಟ್ಟರು. ಹೋಗಲಿ.

ಹೊರಗಿನವರಿಗೆ ಹೇಳುವುದು ಸುಲಭ. ಇಲ್ಲಿ ಕೂತಿರುವ ಅನೇಕರ ಮನೆಗೆ ಆ ಕ್ವಾರ್ಟರ್ಸಿನ ತಾಯಂದಿರೇ ಕೆಲಸಕ್ಕೆ ಬರುತ್ತಾರೆ. ಸಿಸ್ಟರ್ ಜೀನ್ ದೆವೋಸ್ 1985ರಲ್ಲಿ ಮನೆಗೆಲಸದವರ ರಾಷ್ಟ್ರೀಯ ಆಂದೋಲನ ಆರಂಭಿಸಿದರು. ನಮ್ಮ ರಾಜ್ಯ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ಕೂಲಿ ನಿಗದಿ ಮಾಡಿತು. ವಾರಕ್ಕೊಂದು ರಜೆ, ಜ್ವರ ಬಂದ ದಿನದ ಸಂಬಳ, ಕೂತು ಕಾಫಿ ಕುಡಿಯಲು ಒಂದು ಕುರ್ಚಿ ನಿಮ್ಮ ಮನೆಯಲ್ಲಿ ಇವೆಯೇ? ನಾನು ಲೆಕ್ಕ ಕೇಳುತ್ತಿಲ್ಲ. ಗುರುಗಳ ಮನೆಯಲ್ಲಿ ಈ ಮೂರೂ ಶುರುವಾದದ್ದು ಆ ಸಪ್ಪೆ ಸಾರಿನ ದಿನದ ನಂತರವೇ ಎಂದು ಒಪ್ಪಿಕೊಳ್ಳುತ್ತೇನೆ.

ಇನ್ನೊಂದು ಮಾತು ಬಿಚ್ಚಿ ಹೇಳಬೇಕು. ಕೆಲಸ ಕೊಡಿಸಿದ ಮೇಲೆ ಒಬ್ಬಾಕೆ, 'ಇನ್ನು ಮೇಲೆ ನಾವು ಚರ್ಚಿಗೆ ಬರಬೇಕಾ ಫಾದರ್?' ಎಂದು ಕೇಳಿದರು. ಬೇಡ ಎಂದೆ. ಯೇಸುಸ್ವಾಮಿ ಪಾರ್ಶ್ವವಾಯು ರೋಗಿಗೆ ಹಾಸಿಗೆ ಎತ್ತಿಕೊಂಡು ನಡೆ ಎಂದರು, ಅವರು ಕಳುಹಿಸಿದ್ದು ಅವನ ಮನೆಗೆ. ಆ ನೋಟ್‌ಬುಕ್ಕಿನಲ್ಲಿ ಧರ್ಮ ಜಾತಿ ಬರೆಯುವ ಕಾಲಂ ಇಲ್ಲ, ಇರುವುದೂ ಇಲ್ಲ.

ಈಗ ಕೀಲಿಕೈಯ ವಿಷಯ. ಎಲ್ಲ ಸರಿಹೋದರೂ ನಮ್ಮ ನಾಲ್ಕು ಮೂಲೆಯ ಹಾಸಿಗೆ ಒಂದು ಕಡೆ ಸಿಕ್ಕಿಕೊಳ್ಳುತ್ತಿದೆ. ಅದು ಬೆಳಿಗ್ಗೆ ಏಳೂವರೆಯಿಂದ ಸಂಜೆ ಆರರವರೆಗೆ ಮಕ್ಕಳನ್ನು ಬಿಡಲು ಜಾಗ ಇಲ್ಲದಿರುವುದು. ಸಭಾಂಗಣದ ಪಕ್ಕದ ಎರಡು ಕೋಣೆಗಳನ್ನು ಶಿಶುಪಾಲನೆಗೆ ಬಿಟ್ಟುಕೊಡೋಣ ಎಂದು ಪಾಲನಾ ಸಮಿತಿಯ ಮುಂದೆ ಇಟ್ಟೆ. ಅಭಿಪ್ರಾಯ ಎರಡಾಗಿದೆ. ಮದುವೆಗಳ ಬಾಡಿಗೆಯಿಂದಲೇ ದೇವಾಲಯದ ರಿಪೇರಿ ನಡೆಯುತ್ತದೆ, ಹೊಸ ಟೈಲ್ಸ್ ಹಾಕಿ ವರ್ಷವೂ ಆಗಿಲ್ಲ, ಮಕ್ಕಳಿಗೆ ಏನಾದರೂ ಆದರೆ ಹೊಣೆ ಯಾರು ಎಂದು ಕೇಳಿದವರು ಕೆಟ್ಟವರಲ್ಲ. ಆ ಟೈಲ್ಸಿಗೆ ತಮ್ಮ ಕೈಯಿಂದ ಹಣ ಹಾಕಿದವರು. ಅವರ ಪ್ರಶ್ನೆಗಳಲ್ಲಿ ಕೊನೆಯದಕ್ಕೆ ನನ್ನ ಬಳಿ ಇನ್ನೂ ಪೂರ್ತಿ ಉತ್ತರವಿಲ್ಲ. ಸಂಸ್ಥೆಯವರ ಜೊತೆ ಕೂತು ಬರವಣಿಗೆಯಲ್ಲಿ ಅದನ್ನು ಸಿದ್ಧಪಡಿಸುತ್ತಿದ್ದೇವೆ.

ಕಫೆರ್ನವುಮಿನ ಆ ಪ್ರಸಂಗದಲ್ಲಿ ನಾವು ಮರೆಯುವ ಒಬ್ಬ ವ್ಯಕ್ತಿ ಇದ್ದಾನೆ. ಅವನು ಆ ಮನೆಯ ಯಜಮಾನ. ಅವನ ಚಾವಣಿಯನ್ನು ಅವನ ಕಣ್ಣ ಮುಂದೆಯೇ ಕಿತ್ತರು, ಮಣ್ಣು ಅವನ ಅತಿಥಿಗಳ ತಲೆಯ ಮೇಲೆ ಬಿತ್ತು. ಅವನು ಕೂಗಾಡಿದನೆಂದು ಮಾರ್ಕನು ಬರೆದಿಲ್ಲ, ಸುಮ್ಮನಿದ್ದನೆಂದೂ ಬರೆದಿಲ್ಲ.

ಪಾಲನಾ ಸಮಿತಿ ಮುಂದಿನ ಭಾನುವಾರ ಎರಡನೇ ಪೂಜೆಯ ನಂತರ ಸೇರುತ್ತದೆ. ಈ ಸಲ ಸಭೆ ಎಲ್ಲ ಕುಟುಂಬಗಳಿಗೂ ತೆರೆದಿದೆ. ಟೈಲ್ಸಿನವರೂ ಬನ್ನಿ, ಮಕ್ಕಳಿರುವವರೂ ಬನ್ನಿ. ಅಲ್ಲಿಯವರೆಗೆ ಕೀಲಿಕೈ ಸಂತ ಜೋಸೆಫರ ಸ್ವರೂಪದ ಪಾದದ ಬಳಿ ಇರುತ್ತದೆ. ಈಗ ಎಲ್ಲರೂ ಎದ್ದು ನಿಲ್ಲೋಣ. ತಮ್ಮ ಉಪಕರಣಗಳನ್ನು ಇನ್ನೂ ಇಡದವರು ವಿಶ್ವಾಸಿಗಳ ಪ್ರಾರ್ಥನೆಯ ಹೊತ್ತಿಗೆ ಮುಂದೆ ತನ್ನಿ. ಕ್ವಾರ್ಟರ್ಸಿನಿಂದ ಬಂದಿರುವ ನಮ್ಮ ಅಕ್ಕಂದಿರು ಹಿಂದೆ ನಿಂತಿದ್ದಾರೆ, ಅವರಿಗೂ ದಾರಿ ಬಿಡಿ.